ಖಾಲಿ ಹೊಟ್ಟೆಯ ಕಾಫಿ

ಕಾಯುವುದೆಂದರೆ ನನಗೆ ಆಗದು. ಹದಿನಾಲ್ಕು ವರ್ಷ ಜೀವರಸಾಯನದ ಲ್ಯಾಬಿನಲ್ಲಿ, ಮಷೀನು ಸಂಖ್ಯೆ ತೋರಿಸುವವರೆಗೂ ಅದರ ಮುಂದೆ ಶತಪಥ ಹಾಕಿದವಳು. ದೇಹವು ಸಕ್ಕರೆಯನ್ನು ಹೇಗೆ ಬಳಸಿಕೊಳ್ಳುತ್ತದೆ ಎನ್ನುವುದೇ ನನ್ನ ಸಂಶೋಧನೆ. ಅಷ್ಟು ವರ್ಷಕ್ಕೆ ಒಂದೇ ಒಂದು ದೊಡ್ಡ ಫಲ ಸಿಕ್ಕಿತ್ತು. ಕೊಪ್ಪ, ಶೃಂಗೇರಿ ಕಡೆಯ ತೋಟದ ಕೂಲಿಯವರಲ್ಲಿ, ಮೈಯಲ್ಲಿ ಚೂರೂ ಬೊಜ್ಜಿಲ್ಲದವರಲ್ಲಿ, ಬೆಳಗಿನ ಖಾಲಿ ಹೊಟ್ಟೆಯಲ್ಲೂ ರಕ್ತದ ಸಕ್ಕರೆ ಹೆಚ್ಚಿತ್ತು. ಇನ್ನೂರ ಹನ್ನೆರಡು ಜನರ ರಕ್ತ ನೋಡಿ ಬರೆದ ಲೇಖನವನ್ನು ಒಂದು ಒಳ್ಳೆಯ ಪತ್ರಿಕೆ ಒಪ್ಪಿಕೊಂಡಿತ್ತು. ಕೊನೆಯ ಕರಡಿಗೆ ಒಪ್ಪಿಗೆ ಕಳಿಸಲು ಹತ್ತು ದಿನ ಉಳಿದಿತ್ತು. ಅದು ಅಚ್ಚಾದರೆ ನಿನಗೆ ಸ್ವಂತ ಲ್ಯಾಬು ಎಂದು ವಿಭಾಗದ ಮುಖ್ಯಸ್ಥರು ಬಾಯಿಬಿಟ್ಟು ಹೇಳಿದ್ದರು.

ವರ್ಷದ ನಂತರ ಅವರದೇ ರಕ್ತವನ್ನು ಮತ್ತೊಮ್ಮೆ ತೆಗೆಯುವುದಿತ್ತು. ಅದು ಟೆಕ್ನಿಷಿಯನ್ ಯೋಗೇಶನ ಕೆಲಸ. ಅವನು ರಜೆ ಹಾಕಿದ್ದರಿಂದ ನಾನೇ ಬಂದು ಕೊಪ್ಪದ ತವರಿನಲ್ಲಿ ಉಳಿದೆ. ಬೆಳಿಗ್ಗೆ ಏಳಕ್ಕೆ ಶೃಂಗೇರಿ ಹತ್ತಿರದ ಬೇಗಾರಿನಲ್ಲಿ ಇರಬೇಕಾದವಳು ಆರಕ್ಕೇ ಸೀತಕ್ಕನ ಬಾಗಿಲಲ್ಲಿದ್ದೆ. ಸೀತಕ್ಕ ತೋಟದ ಕೂಲಿಗೆ ಹೋಗುವ, ಐವತ್ತು ದಾಟಿದ, ಕಡ್ಡಿಯಂಥ ಹೆಂಗಸು. ನನ್ನ ವರದಿ ನೋಡಿ ಡಾಕ್ಟರು ಸಕ್ಕರೆ ಕಾಯಿಲೆಯ ಮಾತ್ರೆ ಬರೆದುಕೊಟ್ಟ ಮೂವತ್ತೊಂದು ಜನರಲ್ಲಿ ಅವಳೂ ಒಬ್ಬಳು.

ಅವಳು ಒಲೆ ಮುಂದೆ ಕೂತು ಕಾಫಿ ಕುಡಿಯುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಖಾಲಿ ಹೊಟ್ಟೆಯಲ್ಲಿರಿ ಎಂದು ಎಷ್ಟು ಸಲ ಹೇಳಿಸಿದ್ದೆ ಎಂದು ರೇಗಿದೆ.

"ನಾನೆಂತದೂ ತಿಂದಿಲ್ಲ ಮೇಡಂ," ಎಂದಳು, ನೊಂದುಕೊಂಡು. "ಕಾಫಿ ತಾನೆ. ಅದೂ ಸಪ್ಪೆ. ಹೋದ ವರ್ಷ ರಕ್ತ ಕೊಡೋವಾಗ ಬೆಲ್ಲ ಹಾಕ್ಕೊಂಡಿದ್ದೆ. ಕಾಯಿಲೆ ಅಂದ್ಮೇಲೆ ಬಿಟ್ಟೆ."

ಉಳಿದವರು? ಎಲ್ಲರೂ ಬೆಲ್ಲದ ಕಾಫಿ ಕುಡಿದೇ ಬಂದಿದ್ದರಂತೆ. ಕಾಫಿ ಕುಡಿಯದೆ ಬೆಳಿಗ್ಗೆ ಯಾರು ಎದ್ದು ಓಡಾಡುತ್ತಾರೆ ಎಂದು ಅವಳಿಗೇ ಆಶ್ಚರ್ಯ.

ಯೋಗೇಶನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲ ಕೇಳಿಸಿಕೊಂಡು, ನೀವು ಕೊಟ್ಟ ಫಾರಮ್ಮಿನಲ್ಲಿ ಏನಾದರೂ ತಿಂದಿದ್ದೀರಾ ಅಂತ ಮಾತ್ರ ಇತ್ತು ಶಾಹೀನ್ ಮೇಡಂ ಎಂದ. ಫಾರಮ್ಮು ಬರೆದವಳು ನಾನೇ. ನಮ್ಮ ಮನೆಯಲ್ಲಿ ರಂಜಾನಿನ ರೋಜಾ ಹಿಡಿದವರು ಗುಟುಕು ನೀರನ್ನೂ ಮುಟ್ಟುವುದಿಲ್ಲ. ಏನೂ ತಿನ್ನದವರು ಕುಡಿದಿರಬಹುದು ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಇನ್ನೊಂದು ತಪ್ಪನ್ನು ಯಾರ ಮೇಲೂ ಹಾಕುವಂತಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆಯನ್ನು ನಲವತ್ತು ಜನರಲ್ಲಿ ಮಾಡಿದ್ದೆ. ಎಲ್ಲವೂ ಸರಿಯಾಗಿಯೇ ಬಂದಿತ್ತು, ಸೀತಕ್ಕನದೂ. ನನ್ನ ವಾದಕ್ಕೆ ಅದು ಒಗ್ಗಲಿಲ್ಲ. ರಕ್ತಹೀನತೆಯಿಂದ ಸಂಖ್ಯೆ ತಪ್ಪಾಗಿ ಬಂದಿದೆ ಎಂದು ನೆಪ ಹೇಳಿಕೊಂಡು, ಡಾಕ್ಟರಿಗೆ ಕೊಟ್ಟ ವರದಿಯಿಂದ ಬಿಟ್ಟುಬಿಟ್ಟಿದ್ದೆ.

ಕಾಯಿಲೆ ಇಲ್ಲದವರು ಆ ಮಾತ್ರೆ ನುಂಗಿದರೆ ಸಕ್ಕರೆ ತೀರಾ ಇಳಿಯುತ್ತದೆ. ತಲೆ ತಿರುಗುತ್ತದೆಯೇ ಎಂದು ಸೀತಕ್ಕನನ್ನು ಕೇಳಿದೆ. ಎರಡು ಸಲ ತೋಟದಲ್ಲಿ ಬಿದ್ದಿದ್ದಳಂತೆ. ಕಾಯಿಲೆ ಜೋರಾಯಿತೆಂದು ಪಥ್ಯವನ್ನು ಇನ್ನೂ ಬಿಗಿ ಮಾಡಿದ್ದಳಂತೆ. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ಒಂದು ವಾರ ಮಾತ್ರೆ ನಿಲ್ಲಿಸಿ, ಆಮೇಲೆ ನೀರು ಬಿಟ್ಟು ಬೇರೇನೂ ಕುಡಿಯದೆ ರಕ್ತ ಕೊಡಲಿ ಎಂದರು. ಉಳಿದ ಮೂವತ್ತು ಜನರ ಮಾತನ್ನು ನಾನು ಎತ್ತಲಿಲ್ಲ. ಮೊದಲು ಇವಳದು ಗೊತ್ತಾಗಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಆ ವಾರ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಅಮ್ಮಿ ಬಡಿಸಿದ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಕರಡು ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಒಪ್ಪಿಗೆ ಕಳಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ನಾಚಿಕೆ ಬಿಟ್ಟು ಹೇಳುತ್ತೇನೆ, ಐದು ಹೊತ್ತಿನ ನಮಾಜಿನಲ್ಲೂ ನಾನು ಬೇಡಿಕೊಂಡದ್ದು ಒಂದೇ: ಸೀತಕ್ಕನಿಗೆ ಸಕ್ಕರೆ ಕಾಯಿಲೆ ಇರಲಿ.

ವಾರ ಕಳೆದು ಕೊಟ್ಟ ರಕ್ತದಲ್ಲಿ ಅವಳ ಸಕ್ಕರೆ ಎಂಬತ್ತಾರು ಬಂತು. ಅಪ್ಪಟ ಆರೋಗ್ಯವಂತರ ಸಂಖ್ಯೆ.

ಶೃಂಗೇರಿಯ ಲ್ಯಾಬಿನ ಮೆಟ್ಟಿಲ ಮೇಲೆ ನಿಂತುಕೊಂಡೇ ಲೇಖನ ಹಿಂತೆಗೆದುಕೊಳ್ಳುವ ಮೇಲ್ ಬರೆದು ಕಳಿಸಿದೆ. ಕೂತರೆ ಮನಸ್ಸು ಬದಲಾದೀತೆಂಬ ಭಯ. ಮನಸ್ಸೇನೂ ಹಗುರವಾಗಲಿಲ್ಲ. ಹದಿನಾಲ್ಕು ವರ್ಷ ಒಂದು ಲೋಟ ಕಾಫಿಯಲ್ಲಿ ಹೋಯಿತು ಎಂದುಕೊಳ್ಳುತ್ತಲೇ ಬೇಗಾರಿನ ಬಸ್ಸು ಹತ್ತಿದೆ.

ಕಾಯಿಲೆ ಇಲ್ಲವೇ ಇಲ್ಲ, ತಪ್ಪು ನನ್ನದು ಎಂದು ಸೀತಕ್ಕನಿಗೆ ಹೇಳಿದೆ. ಅವಳು ಬೈಯಲಿಲ್ಲ.

"ನನ್ನ ಮಗಳು ಮಲ್ಲಿಕಾನ ಮದುವೇಲಿ ಹೋಳಿಗೆ ಮಾಡ್ಸಿದ್ವಿ," ಎಂದಳು. "ಅವ್ಳೇ ತುತ್ತು ಮಾಡಿ ಬಾಯಿಗೆ ಹಿಡಿದ್ಲು. ಕೈ ತಳ್ಳಿಬಿಟ್ಟೆ. ಆ ಕೂಸು ಅತ್ತೇಬಿಡ್ತು."

ಸೀತಕ್ಕ ಎದ್ದು ಡಬ್ಬಿಯಿಂದ ಬೆಲ್ಲ ತೆಗೆದು, ಕಾಫಿ ಕಾಯಿಸಿ, ನನಗೊಂದು ಲೋಟ ಕೊಟ್ಟು ತಾನೊಂದು ಹಿಡಿದು ಕೂತಳು. ಅವಳ ಮುಖ ಆಗಲೇ ಅರಳಿತ್ತು.

"ಪಕ್ಕದ ಗಿಡ್ಡಯ್ಯನೂ ಅದೇ ಮಾತ್ರೆ ನುಂಗ್ತಾನೆ," ಎಂದಳು. "ಅವ್ರಿಗೆಲ್ಲ ಹೋದ ವಾರನೇ ಹೇಳಿದ್ರಿ ಅಲ್ದಾ?"

ಇಲ್ಲ ಎಂದೆ.

ತುಟಿಯವರೆಗೆ ಬಂದಿದ್ದ ಲೋಟವನ್ನು ಅವಳು ಹಾಗೇ ಕೆಳಗಿಟ್ಟಳು. "ಹಂಗಾದ್ರೆ ಇಲ್ಲಿ ಎಂತಕ್ಕೆ ಕೂತಿದೀರಿ? ಏಳಿ," ಎಂದು ಬಾಗಿಲ ಕಡೆ ನಡೆದಳು.