ಕುಸುಮಕ್ಕನ ಭಾರದ ಕಪ್

೧೯೮೬ರ ಫೆಬ್ರವರಿ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಖಾನಾಪುರದ ಒಂದು ಕುಂಬಾರಿಕೆ ಶಾಲೆಯಲ್ಲಿ ಭಟ್ಟಿಯ ಬಾಗಿಲಿಗೆ ಮುಚ್ಚಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದರು. ಆ ಹೊತ್ತನ್ನು ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದರು. ಅದೇ ನನ್ನ ಜನ್ಮಕಾಲ. ನಾನು ಒಂದು ಚಹಾದ ಕಪ್. ಮೈ ಬೂದು ಮಣ್ಣಿನದು, ಮೇಲೆ ಜೇನುಬಣ್ಣದ ಹೊಳಪು ಲೇಪ, ಒಂದು ಹಿಡಿಕೆ.

ನನ್ನ ಜೊತೆ ಬೆಂದ ಐವರು ತೆಳ್ಳಗಿದ್ದರು. ಒಬ್ಬೊಬ್ಬರ ತೂಕ ಇನ್ನೂರು ಗ್ರಾಂ ಆಸುಪಾಸು. ನನ್ನನ್ನು ತಿಗರಿಯ ಮೇಲೆ ತಿರುಗಿಸಿದವನು ಕೆಲಸಕ್ಕೆ ಹೊಸಬ. ಹರಿದೀತು ಎಂಬ ಭಯಕ್ಕೆ ಗೋಡೆಯನ್ನು ದಪ್ಪವಾಗಿಯೇ ಬಿಟ್ಟ. ಕಲಿಸುವ ತುಕಾರಾಮ ನನ್ನನ್ನು ಎತ್ತಿ ನೋಡಿದ. "ಇದು ಕಪ್ ಅಲ್ಲೋ ತಮ್ಮಾ, ಒಳಕಲ್ಲು. ಚಟ್ನಿ ರುಬ್ಬಾಕ ಛಲೋ ಐತಿ." ಎಲ್ಲರೂ ನಕ್ಕರು. ಐವರು ಮಾರಾಟವಾದರು. ನಾನು ಕಪಾಟಿನ ಮೇಲೆ ಉಳಿದೆ.

ಚಿಕ್ಕೋಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಜಿನದತ್ತ ಮಾಸ್ತರರು ನನ್ನನ್ನು ಕೊಂಡದ್ದು ಚಹಾ ಕುಡಿಯಲಿಕ್ಕಲ್ಲ, ಪಾಠಕ್ಕೆ. ಪ್ರತಿ ವರ್ಷ ಉಷ್ಣದ ಪಾಠ ಬಂದಾಗ ಸ್ಟೀಲು ಲೋಟ, ಗಾಜಿನ ಗ್ಲಾಸು, ಲೇಪವಿಲ್ಲದ ಮಣ್ಣಿನ ಕುಡಿಕೆ, ನಾನು, ಹೀಗೆ ನಾಲ್ವರನ್ನು ಮೇಜಿನ ಮೇಲೆ ಇಟ್ಟು ಬಿಸಿ ಚಹಾ ಸುರಿಯುತ್ತಿದ್ದರು. ಸ್ಟೀಲು ತುಟಿ ಸುಡುತ್ತಿತ್ತು. ಗಾಜು ಬಣ್ಣ ತೋರಿಸುತ್ತಿತ್ತು, ಹಿಡಿಯಲು ಕರವಸ್ತ್ರ ಬೇಕಾಗುತ್ತಿತ್ತು. ಕುಡಿಕೆ ಒಂದಿಷ್ಟು ಚಹಾ ತಾನೇ ಕುಡಿಯುತ್ತಿತ್ತು. ನಾನು ಮೊದಲಿಗೆ ಚಹಾದ ಬಿಸಿಯನ್ನು ಕಸಿದುಕೊಂಡು, ಆಮೇಲೆ ಬಹಳ ಹೊತ್ತು ಬೆಚ್ಚಗಿರುತ್ತಿದ್ದೆ. ದಿನಾ ಕುಡಿಯಲಿಕ್ಕೆ ಯಾವುದು ಒಳ್ಳೆಯದು ಎಂದು ಕೇಳಿದರೆ ಸ್ಟೀಲಿಗೆ, ಗಾಜಿಗೆ ಕೈಗಳು ಏಳುತ್ತಿದ್ದವು. ನನಗೆ ಯಾರೂ ಕೈ ಎತ್ತುತ್ತಿರಲಿಲ್ಲ.

"ಸರ್, ಅದನ್ನ ಎತ್ತಾಕ ಇಬ್ಬರು ಬೇಕು," ಎನ್ನುತ್ತಿತ್ತು ಹಿಂದಿನ ಬೆಂಚು.

ಮಾಸ್ತರರು ನಿವೃತ್ತರಾದಾಗ ನನ್ನನ್ನು ಮನೆಗೆ ತಂದರು. ಬಚ್ಚಲ ಕಿಟಕಿಯಲ್ಲಿ ನನಗೆ ಜಾಗ ಸಿಕ್ಕಿತು. ಬೆಳಿಗ್ಗೆ ಬಿಸಿನೀರು, ಸಾಬೂನಿನ ನೊರೆ, ದಾಡಿಯ ಬ್ರಷ್ಷು. ಅಲ್ಲಿಂದ ಅಡಿಗೆಮನೆಯ ಮಾತೆಲ್ಲ ಕೇಳಿಸುತ್ತಿತ್ತು.

ಅವರ ಹೆಂಡತಿ ಕುಸುಮಕ್ಕ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವರು. ಸೂಜಿ ಚುಚ್ಚಿ ತೆಗೆದ ಮೇಲೆಯೇ ಮಗುವಿಗೆ ಅಳಬೇಕೆಂದು ನೆನಪಾಗುತ್ತದೆ ಎಂದು ಅವರ ಕೈಯ ಬಗ್ಗೆ ಊರು ಹೇಳುತ್ತಿತ್ತು. ಜೊತೆಗೆ ಕೆಲಸ ಮಾಡಿದ ಹಸೀನಾ ಸಿಸ್ಟರ್ ಪ್ರತಿ ಭಾನುವಾರ ಬರುತ್ತಿದ್ದರು. ಚಹಾ ಎರಡು ಸಲ ಆಗುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ.

ಅರವತ್ತೈದು ದಾಟಿದ ಮೇಲೆ ಕುಸುಮಕ್ಕನ ಆ ಕೈ ನಡುಗತೊಡಗಿತು. ಇದು ನರದ ನಡುಕ, ಗುಳಿಗೆಯಿಂದ ತುಸು ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ ಎಂದರು ಬೆಳಗಾವಿಯ ಡಾಕ್ಟರು. ಏನಾದರೂ ಹಿಡಿದು ಎತ್ತಿದಾಗಲೇ ಅದು ಹೆಚ್ಚು. ಸ್ಟೀಲು ಲೋಟದ ಚಹಾ ಸೀರೆಯ ಮೇಲೆ ಚೆಲ್ಲಿತು. ಮರುಭಾನುವಾರ ಹಸೀನಾ ಬಂದಾಗ ಕುಸುಮಕ್ಕ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನಾ ಚಾ ಬಿಟ್ಟೀನಿ. ಆಸಿಡಿಟಿ," ಎಂದರು.

ಹಸೀನಾ ಒಬ್ಬರೇ ಎಷ್ಟು ದಿನ ಕುಡಿದಾರು? ಅವರೂ ಬೇಡವೆನ್ನತೊಡಗಿದರು. ಕೂರುವ ಹೊತ್ತು ಕಡಿಮೆಯಾಯಿತು. ಆಮೇಲೆ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ. ಬಾಗಿಲು ಮುಚ್ಚಿದ ಮೇಲೆ ಕುಸುಮಕ್ಕ ಬಚ್ಚಲಿಗೆ ಬಂದು ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ನೀರು ಹರಿಯುತ್ತಿತ್ತು, ಮುಖ ತೊಳೆಯುತ್ತಿರಲಿಲ್ಲ.

ಮಾಸ್ತರರಿಗೆ ಅವರನ್ನು ಮತ್ತೆ ಹಸೀನಾರ ಎದುರು ಚಹಾಕ್ಕೆ ಕೂರಿಸಬೇಕೆಂಬುದೇ ಹಟವಾಯಿತು. ಭಾರ ಕಡಿಮೆಯಾದರೆ ಕೈಗೆ ಆರಾಮ ಎಂಬುದು ಅವರ ಲೆಕ್ಕ. ಪೇಟೆಯಿಂದ ತೆಳು ಸ್ಟೀಲು ತಂದರು, ಪ್ಲಾಸ್ಟಿಕ್ಕು ತಂದರು, ಕೊನೆಗೆ ಕಾಗದದ ಕಪ್. ಹಗುರಾದಷ್ಟೂ ಹೆಚ್ಚು ಚೆಲ್ಲಿತು. ಒಂದು ದಿನ ಸ್ಟ್ರಾ ತಂದುಕೊಟ್ಟರು.

"ಎಳನೀರು ಕುಡ್ಯಾಕ ಬಂದೀನೇನ್ರೀ ನಾ?" ಎಂದರು ಕುಸುಮಕ್ಕ. ನಗುತ್ತಲೇ ಎಂದರು. ಸ್ಟ್ರಾ ಮಾತ್ರ ಕಸದ ಬುಟ್ಟಿಗೆ ಬಿತ್ತು.

ಆಷಾಢದ ಒಂದು ಬೆಳಿಗ್ಗೆ ಕರೆಂಟು ಹೋಗಿ ಬಚ್ಚಲಲ್ಲಿ ಬಿಸಿನೀರಿಲ್ಲದಂತಾಯಿತು. ಮಾಸ್ತರರು ಅಂಗಳದಲ್ಲಿ ಕನ್ನಡಿ ಹಿಡಿದು ಕೂತು ನೀರು ಕೇಳಿದರು. ಕುಸುಮಕ್ಕ ಒಲೆಯ ಮೇಲಿನ ನೀರನ್ನು ನನ್ನೊಳಗೆ ಸುರಿದು, ಹಿಡಿಕೆ ಹಿಡಿದು ಹೊರಟರು. ಅವರ ಕೈ ನಡುಗುತ್ತಿತ್ತು, ಅದು ನನಗೆ ಗೊತ್ತಾಗುತ್ತಿತ್ತು. ಆದರೆ ಆ ಸಣ್ಣ ಸಣ್ಣ ಎಳೆತಗಳಿಗೆಲ್ಲ ನನ್ನ ಮೈ ಓಗೊಡಲಿಲ್ಲ. ಜಡತ್ವ ಎಂದು ಮಾಸ್ತರರು ಇದನ್ನೇ ಹಲಗೆಯ ಮೇಲೆ ಬರೆಯುತ್ತಿದ್ದರು. ಅಂಗಳ ಮುಟ್ಟಿದಾಗ ಹಿಂದೆ ನೆಲವೆಲ್ಲ ಒಣಗಿಯೇ ಇತ್ತು.

ಕುಸುಮಕ್ಕ ತಿರುಗಿ ಆ ನೆಲವನ್ನು ನೋಡಿದರು. ನನ್ನನ್ನು ಮತ್ತೆ ಅಡಿಗೆಮನೆಗೆ ಒಯ್ದು, ಮತ್ತೆ ತಂದರು. ಆಗಲೂ ಚೆಲ್ಲಲಿಲ್ಲ.

"ರೀ, ನನಗ ಇದರಾಗ ಚಾ ಹಾಕಿ ಕೊಡ್ರಿ."

"ಅದು ದಾಡಿ ಮಾಡೋದು, ಕುಸುಮಾ. ಸಾಬೂನಿನ ವಾಸನಿ ಹೊಡಿತೈತಿ."

"ಹೊಡೀಲಿ. ನಲವತ್ತು ವರ್ಷ ಅದೇ ವಾಸನಿ ಕೂಡ ಬಾಳೇ ಮಾಡೀನಿ."

ಮಾಸ್ತರರು ಒಣ ಬ್ರಷ್ಷು ಹಿಡಿದು ಹಾಗೇ ಕೂತುಬಿಟ್ಟರು. ಮೂವತ್ತು ವರ್ಷ ಮಾಡಿದ ಪಾಠವೇ ಅವರ ಅಂಗಳಕ್ಕೆ ನಡೆದು ಬಂದಿತ್ತು. ಬ್ರಷ್ಷನ್ನು ಒಂದು ಹಳೆಯ ಗ್ಲಾಸಿಗೆ ಹಾಕಿದರು. ನನ್ನನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಮೂಸಿ ನೋಡಿ, ಮತ್ತೆ ಕುದಿಸಿದರು.

ಆ ಭಾನುವಾರ ಹಸೀನಾ ಬಂದು ಕೂತ ಕೂಡಲೇ ಎದ್ದು ಹೊರಡುವ ಮಾತಾಡಿದರು. ಕುಸುಮಕ್ಕ ಒಳಗೆ ಕೂಗಿ ಮೂರು ಚಹಾ ಹೇಳಿದರು. ನನ್ನನ್ನು ಎತ್ತಿ ತುಟಿಗೆ ತಂದರು. ದಾರಿ ಉದ್ದವಿತ್ತು. ಒಂದು ಹನಿ ಬಸಿಯೊಳಗೆ ಬಿತ್ತು, ಅಷ್ಟೇ.

"ಏನ ಮಾಸ್ತರ, ಒಳಕಲ್ಲಿನಾಗ ಚಾ ಕೊಟ್ಟೀರಿ ಆಕಿಗೆ," ಎಂದರು ಹಸೀನಾ. ಆಮೇಲೆ ಅವರ ಕಣ್ಣು ಕೈಯ ಮೇಲೆ ನಿಂತಿತು. ಅವರೂ ನರ್ಸ್ ಆಗಿದ್ದವರು, ಕೇಳಬೇಕಾದ್ದು ಒಂದೇ ಇತ್ತು. "ಎಷ್ಟ ದಿನ ಆತು?"

"ಎರಡು ವರ್ಷ."

"ನಾ ಏನೋ ತಪ್ಪು ಮಾಡೀನಿ, ಅದಕ್ಕ ಬರಬ್ಯಾಡ ಅನ್ನಾಕತ್ತಾಳ ಅಂತ ತಿಳಿದಿದ್ದೆ," ಎಂದರು ಹಸೀನಾ. ನಂತರ ತಮ್ಮ ಲೋಟ ಮುಂದೆ ಚಾಚಿದರು. "ಇನ್ನೊಂದು ಸ್ವಲ್ಪ ಹಾಕ್ರಿ ಮಾಸ್ತರ."

ಐದು ವರ್ಷ ಕುಸುಮಕ್ಕ ನನ್ನಲ್ಲೇ ಕುಡಿದರು. ಮೊದಲು ಒಂದು ಕೈಯಲ್ಲಿ, ಕೊನೆಕೊನೆಗೆ ಎರಡೂ ಕೈಯಲ್ಲಿ, ಅರ್ಧ ತುಂಬಿಸಿ. ಅವರು ತೀರಿಕೊಂಡು ಈಗ ಎರಡು ವರ್ಷ.

ಬ್ರಷ್ಷು ನನ್ನ ಬಳಿಗೆ ಮರಳಲಿಲ್ಲ. ನಾನು ಅಡಿಗೆಮನೆಯ ಕಿಟಕಿಯಲ್ಲಿ ಇದ್ದೇನೆ. ಒಳಮೈಯಲ್ಲಿ ಚಹಾದ ಕಂದು ಕಲೆ, ಅಂಚಿನಲ್ಲಿ ಒಂದು ಸಣ್ಣ ಒಡಕು. ಚಹಾಕ್ಕೆ ಯಾವುದು ಒಳ್ಳೆಯದು ಎಂದು ಆ ತರಗತಿಯಲ್ಲಿ ಕೇಳಿದ ಪ್ರಶ್ನೆಯಲ್ಲಿ 'ಯಾರ ಕೈಗೆ' ಎಂಬ ಎರಡು ಪದ ಬಿಟ್ಟುಹೋಗಿದ್ದವು ಎಂದು ಈಗ ಅನ್ನಿಸುತ್ತದೆ. ಅಷ್ಟರ ಮಟ್ಟಿಗೆ ನನ್ನ ತಿಳಿವಳಿಕೆ.

ಹಸೀನಾ ಈಗಲೂ ಭಾನುವಾರ ಬರುತ್ತಾರೆ. ಹೋದ ವಾರ ನನ್ನನ್ನು ಕಿಟಕಿಯಿಂದ ಎತ್ತಿಕೊಂಡು, ಎರಡೂ ಅಂಗೈಯಲ್ಲಿ ಸುಮ್ಮನೆ ಹಿಡಿದು ನಿಂತರು.

"ಎಷ್ಟು ಭಾರ ಇದ್ದೀತ್ರಿ ಇದು, ಮಾಸ್ತರ?"

ಮಾಸ್ತರರು ಅಂದಾಜು ಹೇಳುವವರಲ್ಲ. ನನ್ನನ್ನು ತೊಳೆದು, ಒರೆಸಿ, ಅಡಿಗೆಮನೆಯ ತಕ್ಕಡಿಯ ಮೇಲೆ ಇಟ್ಟರು. ಕನ್ನಡಕ ಹಾಕಿಕೊಂಡು ಬಗ್ಗಿ, ಮುಳ್ಳು ಪೂರ್ತಿ ನಿಲ್ಲುವ ತನಕ ಕಾದರು. ಆಮೇಲೆ ಓದಿ ಹೇಳಿದರು: ನಾನೂರ ಮೂವತ್ತು ಗ್ರಾಂ.