ಶೇಂಗಾ ಹೊಲದ ನೀರಿನ ಗೆರೆ

ಇಂಡಿ ಹತ್ತಿರದ ಹಳ್ಳಿಯೊಂದರ ಸರಕಾರಿ ಪ್ರೌಢಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಾಗ ಗಣಿತದ ಟೀಚರ್ ಫರಹತ ಬಹಳ ಆಸೆ ಇಟ್ಟುಕೊಂಡಿದ್ದಳು. ಹತ್ತನೆಯ ತರಗತಿಯ ಹುಡುಗರು ಮೊದಮೊದಲು ಕಣ್ಣರಳಿಸಿ ನೋಡಿದರು. ಆಮೇಲೆ ಅದರ ಮೇಲೆ ಮೂಡುವ ಬಣ್ಣದ ಆಕೃತಿಗಳೂ ಅವರಿಗೆ ಹಳೆಯವಾದವು. ಹಿಂದಿನ ಬೆಂಚಿನ ಧರ್ಮರಾಜನಂತೂ ಸದಾ ಕಿಟಕಿಯಾಚೆಗೇ ನೋಡುತ್ತಿದ್ದ.

ಬೈದು ಬೈದು ಸಾಕಾಗಿದ್ದ ಫರಹತಳಿಗೆ ಒಂದು ದಿನ ಬೇರೆಯೇ ಕುತೂಹಲ ಹುಟ್ಟಿತು. ಅಷ್ಟು ಹೊತ್ತು ನೋಡುವಂಥದ್ದು ಅಲ್ಲೇನಿದೆ? ಪಾಠ ನಿಲ್ಲಿಸಿ, ಅವನ ಹಿಂದೆ ಹೋಗಿ ತಾನೂ ಬಗ್ಗಿ ನೋಡಿದಳು.

“ಏನ್ ನೋಡಾಕತ್ತಿ?”

ಧರ್ಮರಾಜ ಗಡಬಡಿಸಿ ಎದ್ದು ನಿಂತ. “ನೀರ್ರಿ, ಟೀಚರ್.”

ಪಕ್ಕದ ಶೇಂಗಾ ಹೊಲದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ನೀರು ಏರಿ, ಬಾಗಿ, ಇಳಿಯುತ್ತಿತ್ತು.

“ಬದುವಿಗೆ ಮುಟ್ಟತೈತೋ ಇಲ್ಲೋ ಅಂತ ನಾನೂ ಜುಲ್ಫಿಕರನೂ ದಿನಾ ಶರ್ತ ಕಟ್ತೀವ್ರಿ.” ಪಕ್ಕದಲ್ಲಿದ್ದ ಜುಲ್ಫಿಕರ ತಲೆ ತಗ್ಗಿಸಿದ.

ಫರಹತ ಮೊಬೈಲಿನಲ್ಲಿ ಫೋಟೊ ತೆಗೆದು ಬೋರ್ಡಿಗೆ ಹಾಕಿದಳು. ಅದರ ಮೇಲೆ ವರ್ಗ ಸಮೀಕರಣದ ಗೆರೆಯೊಂದನ್ನು ಮೂಡಿಸಿ, “ಈ ಅಂಕಿ ಬದಲಿಸಿದ್ರ ಗೆರಿ ಬದಲಾಗತೈತಿ. ನೀರಿನ ಮ್ಯಾಲ ಕೂಡಸ್ರಿ, ನೋಡೋಣ,” ಎಂದಳು.

ಜುಲ್ಫಿಕರ ಮೊದಲು ಓಡಿಬಂದ. ಎಕ್ಸ್ ವರ್ಗದ ಮುಂದಿನ ಋಣ ಚಿಹ್ನೆ ತೆಗೆದ ಕೂಡಲೇ ಗೆರೆ ತಲೆಕೆಳಗಾಯಿತು.

“ಲೇ, ನೀರು ಮುಗಲಿಗೆ ಹೊಂಟೈತಿ!” ಎಂದು ಯಾರೋ ಕೂಗಿದರು.

ಧರ್ಮರಾಜ ಅವನನ್ನು ಸರಿಸಿ, ಚಿಹ್ನೆ ಮತ್ತೆ ಹಾಕಿ, ಅಂಕಿಗಳನ್ನು ಇಷ್ಟಿಷ್ಟೇ ಬದಲಿಸುತ್ತ ಹೋದ. ಗೆರೆ ನೀರನ್ನು ಮುಟ್ಟಿತು, ಅದರ ಜೊತೆಗೇ ಏರಿತು, ಬಾಗಿತು. ಇಳಿಯುವಾಗ ಮಾತ್ರ ಹೊರಗೆ ಸರಿಯಿತು. ನೀರು ಗೆರೆಗಿಂತ ಮೊದಲೇ ನೆಲಕ್ಕೆ ಬಿದ್ದಿತ್ತು.

“ಹಿಂಗ್ಯಾಕ್ರಿ?”

“ನನಗೂ ಖಾತ್ರಿ ಇಲ್ಲ. ಹೊರಗ ನಡೀರಿ.”

ಅಂಗಳದ ನಳಕ್ಕೆ ಪೈಪು ಸಿಕ್ಕಿಸಿ ನೀರು ಬಿಟ್ಟರು. ಒಂದೇ ಧಾರೆಯಾಗಿ ಬಿದ್ದಾಗ ಒಂದು ಫೋಟೊ, ಧರ್ಮರಾಜ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಚಿಮ್ಮಿಸಿದಾಗ ಇನ್ನೊಂದು. ಫರಹತಳ ಸೀರೆಯ ಅಂಚೂ ನೆನೆಯಿತು. ತರಗತಿಗೆ ಮರಳಿ ನೋಡಿದರೆ, ಮೊದಲಿನದಕ್ಕೆ ಗೆರೆ ತುದಿಯವರೆಗೂ ಕೂತಿತು. ಎರಡನೆಯದಕ್ಕೆ ಕೂರಲಿಲ್ಲ.

ಒದ್ದೆ ಕೈ ಅಂಗಿಗೆ ಒರೆಸುತ್ತ ಧರ್ಮರಾಜ ಬಹಳ ಹೊತ್ತು ಎರಡನ್ನೂ ದಿಟ್ಟಿಸಿದ. “ಧಾರಿ ಒಡದು ಹನಿ ಆತಂದ್ರ ಗಾಳಿ ಹಿಡೀತೈತಿ ಕಾಣಸ್ತದ್ರಿ.”

ಅವಳಿಗೆ ಖುಷಿ ತಡೆಯಲಾಗಲಿಲ್ಲ. “ನನಗೂ ಹಂಗ ಅನಸ್ತದ. ಆದ್ರ ಎಷ್ಟು ಹಿಡೀತೈತಿ?”

ಧರ್ಮರಾಜ ಬೋರ್ಡಿನ ಹತ್ತಿರ ಹೋಗಿ, ಗೆರೆಗೂ ನೀರಿಗೂ ನಡುವಿನ ಅಂತರವನ್ನು ಗೇಣಿನಿಂದ ಅಳೆದ.

“ಅದಕ್ಕೂ ಸಮೀಕರಣ ಐತೇನ್ರಿ?” ಎಂದು ಕೇಳಿದ.

“ಐತಿ. ಇದಕ್ಕಿಂತ ಕಠಿಣ ಐತಿ. ಮೊದಲ ಇದು ಬರಬೇಕು.”

ಊಟದ ಗಂಟೆ ಹೊಡೆಯಿತು. ಜುಲ್ಫಿಕರ ಬಾಗಿಲಲ್ಲಿ ನಿಂತು ಕರೆದ. “ತಡಿಯೋ,” ಎಂದ ಧರ್ಮರಾಜ, ಮುಂದಿನ ಬೆಂಚಿಗೆ ಬಂದು ಕೂತ. “ಹೇಳ್ರಿ ಟೀಚರ್, ಎಲ್ಲಿಂದ ಶುರು ಮಾಡ್ಲಿ?”