ನುಮಾಗುಚಿಯ ಎರಡು ನಿಮಿಷ

೧.

ಎಲ್ಲಿಂದ ಶುರುಮಾಡಲಿ? ಮೊದಲ ಡ್ರಾಫ್ಟಿನಲ್ಲಿ ಒಂದು ಶವಸಂಸ್ಕಾರದಿಂದ ಶುರುಮಾಡಿದ್ದೆ. ಊದುಬತ್ತಿಯ ಹೊಗೆ, ಕಪ್ಪು ಕೋಟುಗಳು, ಮೂಗೊರೆಸಿಕೊಳ್ಳುವ ಚಿಕ್ಕಮ್ಮಂದಿರು. ಎರಡು ಪುಟ ತುಂಬಿದ ಮೇಲೆ ಕೊನೊಮಿ (ಕಥಾನಾಯಕಿ; ಮೂವತ್ತೆಂಟು ವರ್ಷ; ಚಿಕ್ಕಚಿಕ್ಕ ವಿಡಿಯೊ ಗೇಮು ಮಾಡುವುದು ಕಸುಬು) ನನ್ನ ಹೆಗಲ ಮೇಲಿಂದ ಇಣುಕಿ ಓದಿದಳು.

"ಇದರಲ್ಲಿ ಏನಾದ್ರೂ ಆಗೋದು ಯಾವಾಗ?"

"ವಾತಾವರಣ ಕಟ್ತಾ ಇದೀನಿ."

"ಓದೋರ ಟೈಮು ತಿಂತಾ ಇದೀರಿ. ನಮ್ಮಣ್ಣ ಇದ್ದಿದ್ರೆ ಬೈತಿದ್ದ."

ಅಣ್ಣ ಇಲ್ಲ. ಇರುವುದು ಅಷ್ಟೇ ಕಥೆ. ಎರಡು ಪುಟ ಹರಿದುಹಾಕಿದೆ. ಈಗ ಇದನ್ನು ಓದಲು ಒಂಬತ್ತು ನಿಮಿಷ ಬೇಕು. ಗಡಿಯಾರ ಇಟ್ಟುಕೊಂಡು ಅಳೆದಿದ್ದೇನೆ. (ತುಟಿ ಅಲುಗಿಸುತ್ತಾ ಓದುವವರಿಗೆ ಹತ್ತು.) ಆಮೇಲೆ ನಿಮ್ಮ ಪಾಡಿಗೆ ನೀವು.

೨.

ಅಣ್ಣ ಶೂಹೇ ಹನ್ನೊಂದು ವರ್ಷ ಒಂದು ದೊಡ್ಡ ಗೇಮ್ ಕಂಪನಿಯಲ್ಲಿದ್ದ. ಅಲ್ಲಿ ಮಾಡಿದ್ದು ಬೆಕ್ಕು ಸಾಕುವ ಆಟ. ದಿನಾ ಬೆಳಿಗ್ಗೆ ತೆರೆದರೆ ನಿಮ್ಮ ಬೆಕ್ಕಿಗೊಂದು ಮೀನು. ಏಳು ದಿನ ತಪ್ಪದೆ ತೆರೆದರೆ ಬೆಕ್ಕಿಗೊಂದು ಟೋಪಿ. ಒಂದು ದಿನ ತಪ್ಪಿಸಿದರೆ ಬೆಕ್ಕು ಅಳುತ್ತದೆ. ಆ ಅಳುವ ಬೆಕ್ಕಿನ ಚಿತ್ರ ಬಿಡಿಸಿದವನು ಇವನೇ. ಒಬ್ಬ ಗೆಳೆಯನ ಮದುವೆಯಲ್ಲಿ, ಮದುಮಗಳೇ ಮೇಜಿನ ಕೆಳಗೆ ಫೋನು ಹಿಡಿದು ಆ ಬೆಕ್ಕನ್ನು ಸಮಾಧಾನ ಮಾಡುತ್ತಿದ್ದುದನ್ನು ನೋಡಿದ. ಸೋಮವಾರ ರಾಜೀನಾಮೆ ಕೊಟ್ಟು ಊರಿಗೆ ಬಂದ.

"ಇಷ್ಟು ದಿನ ಜನರ ಟೈಮು ಕದ್ದೆ," ಅಂದ ತಂಗಿಗೆ. "ಇನ್ಮೇಲೆ ಕೇಳಿ ತಗೋತೀನಿ. ಹೇಳಿದಷ್ಟೇ ತಗೋತೀನಿ."

ಅವರ ಊರು ಕಮಿತೊಬೆಯಿಂದ ಪೇಟೆ ಒಸಾದಕ್ಕೆ ಒಂದೇ ಡಬ್ಬಿಯ ರೈಲು, ಹದಿನೇಳು ನಿಮಿಷದ ದಾರಿ. ಅಣ್ಣತಂಗಿ ಮಾಡಿದ ಆಟವೂ ಸರಿಯಾಗಿ ಹದಿನೇಳು ನಿಮಿಷ. ನೀವೊಂದು ರೈಲಿನಲ್ಲಿ ಕೂತಿದ್ದೀರಿ. ಯಾರೋ ಕೊಡೆ ಬಿಟ್ಟುಹೋಗಿದ್ದಾರೆ. ಅದು ಯಾರದು ಅಂತ ಸಹಪ್ರಯಾಣಿಕರನ್ನು ವಿಚಾರಿಸಬೇಕು. ಅಷ್ಟೇ. ಟೋಪಿ ಇಲ್ಲ, ಮೀನು ಇಲ್ಲ, ನಾಳೆ ಬಾ ಅನ್ನುವವರಿಲ್ಲ. ಜನ ಮುಗಿಬಿದ್ದರು. ಮುಗಿಯುವ ಆಟ ಅನ್ನುವುದೇ ಒಂದು ಸುದ್ದಿಯಾಗಿತ್ತು.

ಒಸಾದಕ್ಕೆ ಮುಂಚಿನ ಸ್ಟೇಷನ್ನು ನುಮಾಗುಚಿ. ಒಂಟಿ ಹಳಿಯಾದ್ದರಿಂದ ಎದುರಿನ ರೈಲಿಗೆ ದಾರಿ ಬಿಡಲು ಅಲ್ಲಿ ಎರಡು ನಿಮಿಷ ನಿಲುಗಡೆ. ಎಂಜಿನ್ನಿನ ಗುಂಯ್ ಅನ್ನುವುದು ತಗ್ಗಿ, ಯಾರದೋ ಕೆಮ್ಮು ಡಬ್ಬಿಯ ಆ ತುದಿಯವರೆಗೂ ಕೇಳಿಸುತ್ತಿತ್ತು. ಸರಿಯಾಗಿ ಆ ಹೊತ್ತಿಗೆ ಆಟದ ರೈಲೂ ನಿಲ್ಲುತ್ತಿತ್ತು. ಸ್ಟೇಷನ್ನಿನವನೊಬ್ಬ ಕೋಣೆಯಿಂದ ಕಾಲೆಳೆಯುತ್ತಾ ಬಂದು, ಕೊಡೆ ಇಸಿದುಕೊಂಡು, ಒಂದು ಚೀಟಿ ಕೊಟ್ಟು ತಲೆಬಾಗುತ್ತಿದ್ದ. ರೈಲು ತಡವಾದಾಗ, ತಪ್ಪು ಇವರದಲ್ಲ ನಮ್ಮದು ಅಂತ ಆಫೀಸಿನಲ್ಲಿ ತೋರಿಸಲು ಸ್ಟೇಷನ್ನಿನವರು ಕೊಡುತ್ತಾರಲ್ಲ, ಅಂಥ ಚೀಟಿ. ಆಟದ ಚೀಟಿಯಲ್ಲಿ ಇದ್ದದ್ದು: ನಿಮ್ಮ ಹದಿನೇಳು ನಿಮಿಷಕ್ಕೆ ಧನ್ಯವಾದ. ಹೋಗಿಬನ್ನಿ.

ಆ ಸ್ಟೇಷನ್ನಿನವನ ನಡಿಗೆ ಶೂಹೇಯದು. ಚಿಕ್ಕವನಿದ್ದಾಗ ಸೈಕಲ್ಲಿನಿಂದ ಬಿದ್ದು ಎಡಮಂಡಿ ಊನವಾಗಿತ್ತು. ಅಡುಗೆಮನೆಯಲ್ಲಿ ತಾನೇ ನಡೆದು, ತಂಗಿಯಿಂದ ಫೋಟೊ ತೆಗೆಸಿ, ಅದನ್ನು ನೋಡಿ ಬಿಡಿಸಿದ. ಕೋಣೆಯಿಂದ ರೈಲಿನ ಬಾಗಿಲಿಗೆ ಹನ್ನೆರಡು ಹೆಜ್ಜೆ, ಹನ್ನೆರಡು ಚಿತ್ರ.

೩.

ಜನವರಿಯಲ್ಲಿ ಶೂಹೇ ಸತ್ತ. ತಲೆಯೊಳಗಿನ ಒಂದು ನರ. ಹದಿನೈದು ನಿಮಿಷವೂ ಹಿಡಿದಿರಲಿಕ್ಕಿಲ್ಲ ಅಂದರು ಡಾಕ್ಟರು. (ಅವನ ಆಟಕ್ಕಿಂತ ಚಿಕ್ಕದು. ಈ ವಾಕ್ಯ ಕ್ರೂರವಾಯಿತೆಂದು ಹೊಡೆದುಹಾಕಿದ್ದೆ. ಕೊನೊಮಿ ಮತ್ತೆ ಸೇರಿಸಿದಳು.)

ಮಾರ್ಚಿನಲ್ಲಿ ಎಂದಿನಂತೆ ರೈಲಿನ ವೇಳಾಪಟ್ಟಿ ಬದಲಾಯಿತು. ನುಮಾಗುಚಿಯಲ್ಲಿ ಹತ್ತಿಳಿಯುವವರು ದಿನಕ್ಕೆ ಸರಾಸರಿ ಮುಕ್ಕಾಲು ಮನುಷ್ಯ ಎಂದು ಲೆಕ್ಕಹಾಕಿ ಸ್ಟೇಷನ್ನು ಮುಚ್ಚಿದರು. ಎದುರು ರೈಲಿಗೆ ದಾರಿ ಬಿಡುವುದು ಒಸಾದಕ್ಕೇ ಹೋಯಿತು. ಪ್ರಯಾಣ ಈಗ ಹದಿನೈದು ನಿಮಿಷ. ಆಟ ಮಾತ್ರ ಹದಿನೇಳೇ.

ಒಂದು ನಕ್ಷತ್ರದ ರಿವ್ಯೂಗಳು ಬರತೊಡಗಿದವು. ಅದರಲ್ಲೊಂದು: "ಚೆನ್ನಾಗಿದೆ. ಆದರೆ ಇಳಿದ ಮೇಲೂ ಪ್ಲಾಟ್‌ಫಾರ್ಮಿನಲ್ಲಿ ನಿಂತು ಮುಗಿಸಬೇಕಾಯಿತು. ಸಮಯ ಕದಿಯುವುದಿಲ್ಲ ಅಂದಿದ್ದಿರಿ."

ಕೊನೊಮಿ ಒಂದು ವಾರ ಏನೂ ಮಾಡಲಿಲ್ಲ. ಆಮೇಲೆ ನುಮಾಗುಚಿಯ ದೃಶ್ಯವನ್ನು ಕತ್ತರಿಸಿ ಅಪ್‌ಡೇಟ್ ಬಿಟ್ಟಳು. ಕೆಲಸ ಹಿಡಿದದ್ದು ನಲವತ್ತು ಸೆಕೆಂಡು. ಒಂದು ಪ್ರತಿ ಇಟ್ಟುಕೊಳ್ಳಲಿಲ್ಲವೇ ಎಂದು ನೀವು ಕೇಳುತ್ತೀರಿ. ಇಟ್ಟುಕೊಂಡಳು. ಆದರೆ ಫೋಲ್ಡರಿನಲ್ಲಿ ಅಣ್ಣ ನಡೆಯುವುದಿಲ್ಲ. ಹನ್ನೆರಡು ಕಡೆ ನಿಂತಿರುತ್ತಾನೆ.

೪.

ಏಪ್ರಿಲ್ಲಿನ ಎರಡನೇ ಗುರುವಾರ ಕುರುಮಾತಾನಿ-ಸಾನ್ ಬಾಗಿಲು ತಟ್ಟಿದರು. ಎಪ್ಪತ್ತನಾಲ್ಕು ವರ್ಷ. ಊರಿನ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದೂಟ ಬೇಯಿಸಿದವರು. ಕೊನೊಮಿ ತಟ್ಟೆಯಲ್ಲಿ ಕ್ಯಾರೆಟ್ ಬಿಡುತ್ತಿದ್ದುದನ್ನು ಇನ್ನೂ ಕ್ಷಮಿಸಿಲ್ಲ. ಗುರುವಾರ ಗುರುವಾರ ಒಸಾದದ ಕಣ್ಣಿನ ಡಾಕ್ಟರ ಬಳಿ ಹೋಗುವಾಗ ಫೋನಿನಲ್ಲಿ ಈ ಆಟ ಆಡುತ್ತಾರೆ. ಪ್ರತಿ ವಾರ ಅದೇ ಕೊಡೆ, ಪ್ರತಿ ವಾರ ಹೊಸ ಆಶ್ಚರ್ಯ.

"ಕೊನೊಮಿ-ಚಾನ್, ಇವತ್ತು ಡಾಕ್ಟ್ರು ಬೈದ್ರು, ಎರಡು ನಿಮಿಷ ತಡ ಅಂತ. ಈ ಚೀಟಿ ತೋರಿಸ್ದೆ. ನಂಬಲಿಲ್ಲ ಆ ಮಹಾರಾಯ."

ತಡದ ಚೀಟಿ. ಅಂದಿನ ತಾರೀಖು, ನುಮಾಗುಚಿಯ ಮೊಹರು. ಐದು, ಹತ್ತು, ಇಪ್ಪತ್ತು ಎಂದು ಅಚ್ಚಾದ ನಿಮಿಷಗಳಲ್ಲಿ ಯಾವುದಕ್ಕೂ ತೂತು ಹೊಡೆದಿರಲಿಲ್ಲ. ಅಂಚಿನಲ್ಲಿ ಪೆನ್ಸಿಲ್ಲಿನಿಂದ 'ಎರಡು'. ಎರಡು ನಿಮಿಷಕ್ಕೆ ಈ ದೇಶದಲ್ಲಿ ಯಾರೂ ಚೀಟಿ ಕೊಡುವುದಿಲ್ಲ.

"ಎಲ್ಲಿ ಸಿಕ್ತು ಇದು?"

"ನುಮಾಗುಚಿಲಿ. ಮತ್ತೆಲ್ಲಿ?"

"ಅಲ್ಲಿ ರೈಲು ನಿಲ್ಲಲ್ಲ, ಕುರುಮಾತಾನಿ-ಸಾನ್. ಹೆಸರಿನ ಹಲಗೆ ಕೂಡ ಕಿತ್ತಾಕಿದಾರೆ."

"ಪೊರೆ ಬಂದಿರೋದು ನನ್ನ ಕಣ್ಣಿಗೆ, ಬುದ್ಧಿಗಲ್ಲ. ನಿಂತಿತ್ತು. ಒಬ್ಬ ಕಾಲೆಳೀತಾ ಬಂದ, ಕೈಗೆ ಕೊಟ್ಟ."

"ಆಟದಲ್ಲೋ, ರೈಲಲ್ಲೋ?"

ಅವರು ನಿಜವಾಗಿಯೂ ಯೋಚಿಸಿದರು. "ಎರಡೂ ಒಟ್ಟಿಗೇ ನಿಲ್ಲುತ್ತಲ್ಲಮ್ಮ. ನಾನೇನು ಬೇಳೆ ಆರಿಸೋ ಹಾಗೆ ಬೇರೆ ಮಾಡ್ತಾ ಕೂರ್ಲಾ?"

"ಉಳಿದವರು ಏನು ಮಾಡ್ತಿದ್ರು?"

"ಗಡಿಯಾರ ನೋಡ್ತಿದ್ರು. ಸ್ಕೂಲಿನ ಹುಡುಗಿ ಒಬ್ಳು, ಪರೀಕ್ಷೆ ತಪ್ಪಿಹೋಗುತ್ತೆ ಅಂತ ಅಳ್ತಿದ್ಲು. ಪಾಪ."

"ನೀವು ಅಪ್‌ಡೇಟ್ ಮಾಡೇ ಇಲ್ವಾ?"

"ಅದೇನೋ ಕೇಳುತ್ತೆ, ನಾನು 'ಬೇಡ' ಒತ್ತೀನಿ. ಫೋನು ಏನು ಕೇಳಿದ್ರೂ ಬೇಡ ಅನ್ನು ಅಜ್ಜಿ, ಅಂತ ಮೊಮ್ಮಗಳು ಹೇಳ್ಕೊಟ್ಟಿದಾಳೆ. ನುಮಾಗುಚಿಲೂ ಕೇಳುತ್ತಲ್ಲ, 'ಇಳೀತೀರಾ?' ಅಂತ. ಅದಕ್ಕೂ ಬೇಡವೇ."

ಕೊನೊಮಿಯ ಕೈಯಲ್ಲಿ ಚೀಟಿ ತಣ್ಣಗಿತ್ತು. ಆಟದ ಒಂದೊಂದು ಸಾಲನ್ನೂ ಬರೆದವಳು ಅವಳು. ಅಂಥ ಪ್ರಶ್ನೆ ಅದರಲ್ಲಿಲ್ಲ.

೫.

ಇಲ್ಲಿ ನಾನೊಂದು ವಿವರಣೆ ಕೊಡಬೇಕು ಅನ್ನಿಸಿತು. ಮುದುಕಿ ಕನಸು ಕಂಡರು, ಚೀಟಿ ಹಳೆಯದು, ಡ್ರೈವರು ಹಳೇ ಅಭ್ಯಾಸಬಲದಿಂದ ಬ್ರೇಕು ಹಾಕಿದ. ಮೂರನ್ನೂ ಬರೆದು ನೋಡಿದೆ. ಮೂರೂ ಓಡಲಿಲ್ಲ.

"ಆ 'ಎರಡು' ಯಾರ ಕೈಬರಹ ಅಂತ ನೀವು ಬರೆದೇ ಇಲ್ಲ," ಅಂದಳು ಕೊನೊಮಿ.

"ಬರೆಯೋದಿಲ್ಲ."

"ಯಾಕೆ, ಹೆದರಿಕೇನಾ?"

(ಹೌದು.)

ಅವಳಿಗಿದ್ದ ಪ್ರಶ್ನೆ ಬೇರೆ. ಹಳೆಯ ಆಟ ಒಂದು ಫೋನಿನಲ್ಲಿ ಇರುವವರೆಗೆ ಪ್ರತಿ ಗುರುವಾರ ಏಳೂ ನಲವತ್ತರ ರೈಲು ಇಲ್ಲದ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ನಲವತ್ತು ಜನರ ಎರಡೆರಡು ನಿಮಿಷ, ಕೇಳದೆ ತೆಗೆದುಕೊಂಡದ್ದು. ಅಣ್ಣನ ಮಾತು ಉಳಿಸಬೇಕಾದರೆ ಆ ಫೋನಿನಿಂದ ಅಣ್ಣನನ್ನು ಅಳಿಸಬೇಕು. ಅಳಿಸಲು ಕುರುಮಾತಾನಿ-ಸಾನ್ ಒಪ್ಪಿದ್ದರು. "ನಿನ್ನ ಆಟ, ನಿನ್ನಿಷ್ಟ. ಮುಂದಿನ ಗುರುವಾರ ಜೊತೇಲಿ ಬಾ. ಆದ್ರೆ ಅಳಿಸೋ ಮುಂಚೆ ಒಂದ್ಸಲ ನೋಡ್ಕೋ."

ನೋಡಿಕೊಂಡ ಮೇಲೆ ಅಳಿಸಬಲ್ಲಳೇ? ಅದು ನನಗೂ ಗೊತ್ತಿಲ್ಲ. ಕಥೆಗಾರನಿಗೆ ಗೊತ್ತಿರುತ್ತದೆ ಅನ್ನುವುದು ಕಥೆಗಾರರೇ ಹಬ್ಬಿಸಿದ ಸುಳ್ಳು.

೭.

(ಆರು ಎಲ್ಲಿ ಎಂದಿರಾ? ಕತ್ತರಿಸಿದೆ. ಒಂಬತ್ತು ನಿಮಿಷ ಎಂದು ಮಾತು ಕೊಟ್ಟಿದ್ದೇನಲ್ಲ. ಈ ಕಥೆಗೆ ಆರರಲ್ಲಿ ನಿಲುಗಡೆ ಇಲ್ಲ.)

ಗುರುವಾರ ಬಿಸಿಲು ಚೆನ್ನಾಗಿತ್ತು. ಇಬ್ಬರೂ ಬಾಗಿಲ ಪಕ್ಕದ ಸೀಟಿನಲ್ಲಿ ಕೂತರು. ಶಾಲೆಯ ಹುಡುಗಿಯರು ನಿಂತಲ್ಲೇ ಇಂಗ್ಲಿಷ್ ಪದಗಳ ಚೀಟಿಗಳನ್ನು ತಿರುವುತ್ತಿದ್ದರು. ಕುರುಮಾತಾನಿ-ಸಾನ್ ಫೋನನ್ನು ಕೊನೊಮಿಯ ಕೈಗಿತ್ತು ಕಿತ್ತಳೆ ಸುಲಿಯತೊಡಗಿದರು.

"ಆಡು. ನನಗೆ ಕೊಡೆ ಯಾರದು ಅಂತ ಹೇಳ್ಬೇಡ ಮತ್ತೆ."

"ಐವತ್ತು ಸಲ ಆಡಿದೀರಿ!"

"ಐವತ್ತು ಸಲ ಮರೆತಿದೀನಿ. ಅದೂ ಒಂದು ಪುಣ್ಯ."

ಕೊನೊಮಿ ಆಡಿದಳು. ಆಟದ ಪ್ರಯಾಣಿಕರು ಒಬ್ಬೊಬ್ಬರಾಗಿ ಕೊಡೆ ತಮ್ಮದಲ್ಲ ಅಂದರು. ಹನ್ನೆರಡನೇ ನಿಮಿಷಕ್ಕೆ ಆಟದ ಡಬ್ಬಿ ಖಾಲಿಯಾಯಿತು. ಹದಿಮೂರನೆಯದಕ್ಕೆ ಅವಳು ತಲೆಯೆತ್ತಿದಳು. ಕಿಟಕಿಯಾಚೆ ನುಮಾಗುಚಿಯ ಜೌಗು, ಅದರ ಮೇಲೆ ಒಂಟಿ ಬಿಳಿ ಹಕ್ಕಿ. ಗುಂಯ್ ಅನ್ನುವುದು ತಗ್ಗುತ್ತಿದೆ ಅನ್ನಿಸಿತು. ಆಟದ್ದೋ, ರೈಲಿನದೋ. ಹುಡುಗಿಯರು ಚೀಟಿ ತಿರುವುವುದನ್ನು ನಿಲ್ಲಿಸಿದರು. ಡಬ್ಬಿಯ ಆ ತುದಿಯಲ್ಲಿ ಯಾರೋ ಕೆಮ್ಮಿದರು.

೮.

ಅಂತ್ಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

ಅ. ರೈಲು ನಿಲ್ಲಲಿಲ್ಲ. ಕಿತ್ತ ಹಲಗೆಯ ಎರಡು ಕಂಬಗಳು ಸರಿದುಹೋದವು. ಒಸಾದದಲ್ಲಿ ಇಳಿದು ಇಬ್ಬರೂ ಬಿಸಿ ಉದೊನ್ ಶಾವಿಗೆ ತಿಂದರು. (ಕೊನೊಮಿ ಓದಿ ಅಂದದ್ದು: "ಇದು ನಿಜ ಇದ್ರೂ ಇರಬಹುದು. ಅದಕ್ಕೇ ಬೇಡ.")

ಆ. ರೈಲು ನಿಂತಿತು, 'ಇಳಿಯುವಿರಾ?' ಎಂದು ಪರದೆ ಕೇಳಿತು, 'ಹೌದು' ಒತ್ತಿದಳು. ಮರುದಿನ ಒಸಾದ ಸ್ಟೇಷನ್ನಿನ ಕಳೆದ ವಸ್ತುಗಳ ಪಟ್ಟಿಯಲ್ಲಿ ಹೆಂಗಸರ ಬೂಟು ಒಂದು ಜೊತೆ. (ಕುರುಮಾತಾನಿ-ಸಾನ್ ನನ್ನನ್ನು ಉಗಿದರು. "ಕೈಗೆ ಪೆನ್ನು ಸಿಕ್ತು ಅಂತ ಹುಡುಗೀನ ಸಾಯಿಸ್ತೀಯೇನೋ? ನಿನಗೂ ಕ್ಯಾರೆಟ್ ತಿನ್ನಿಸ್ಬೇಕಿತ್ತು.")

ಇ. ನಿಲ್ಲುವ ಮುಂಚೆಯೇ, ಹದಿಮೂರೂವರೆಗೆ, ಅವಳು ಆಟ ಅಳಿಸಿದಳು. ಹುಡುಗಿಯರು ಹೊತ್ತಿಗೆ ಸರಿಯಾಗಿ ಪರೀಕ್ಷೆ ಬರೆದರು. ಅಣ್ಣ ಮೆಚ್ಚುತ್ತಿದ್ದ.

ಇದನ್ನೇ ಇಟ್ಟುಕೊಳ್ಳೋಣ ಎಂದಿದ್ದೆ. ಅಚ್ಚುಕಟ್ಟಾಗಿದೆ, ಧರ್ಮವೂ ಇದೆ. ಒಂಬತ್ತು ನಿಮಿಷವೂ ಆಗಿದೆ, ನೀವಿನ್ನು ಏಳಬಹುದು. ಏಳಿ.

೬.

ನಾನು ಇದನ್ನು ಕತ್ತರಿಸಿದ್ದೆ.

ರೈಲು ನಿಂತಿದೆ. ಬಾಗಿಲು ತೆರೆದಿದೆ. ಜೌಗಿನ ತಣ್ಣನೆಯ ವಾಸನೆ ಒಳಗೆ ಬರುತ್ತಿದೆ. ಹುಡುಗಿಯೊಬ್ಬಳು ಗಡಿಯಾರ ನೋಡಿ ತುಟಿ ಕಚ್ಚುತ್ತಿದ್ದಾಳೆ. ಫೋನಿನಲ್ಲಿ 'ಹೌದು', 'ಬೇಡ' ಎಂದು ಎರಡು ಗುಂಡಿಗಳು ಬಂದಿವೆ. ಕೊನೊಮಿಯ ಹೆಬ್ಬೆರಳು ಎರಡರ ನಡುವೆ ಇದೆ.

"ಬೇಡ ಒತ್ತಮ್ಮ," ಎನ್ನುತ್ತಾರೆ ಕುರುಮಾತಾನಿ-ಸಾನ್. ಕಿತ್ತಳೆಯ ತೊಳೆ ಅವರ ಕೈಯಲ್ಲೇ ಉಳಿದಿದೆ.

"ಒತ್ತೀನಿ. ತಡೀರಿ."

"ಕೊನೊಮಿ," ಎನ್ನುತ್ತೇನೆ ನಾನು, "ಓದುವವರು ಕಾಯ್ತಿದಾರೆ."

"ಅವರನ್ನ ಕೇಳಿ," ಎನ್ನುತ್ತಾಳೆ ತಲೆಯೆತ್ತದೆ. "ಎರಡೇ ನಿಮಿಷ. ಕೊಡ್ತಾರಾ ಕೇಳಿ."

ಪ್ಲಾಟ್‌ಫಾರ್ಮಿನ ಮೇಲೆ ಸದ್ದು. ಒಂದು ಕಾಲು ಊರುತ್ತದೆ, ಇನ್ನೊಂದು ಎಳೆಯುತ್ತದೆ. ಅವಳು ಎಣಿಸುತ್ತಿದ್ದಾಳೆ, ತುಟಿ ಅಲುಗುತ್ತಿದೆ. ಎಂಟು. ಒಂಬತ್ತು. ನಾನು ಪೆನ್ನು ಎತ್ತಲು ನೋಡುತ್ತಿದ್ದೇನೆ. ಹತ್ತು.

ಹನ್ನೊಂದು.